ಮಂಕರಿಯೊಳಗಿನ ಮಿಂಚುಳ್ಳಿ

"ಮಳೆ ಬಂತು ಅಂತ ಗೌರಿ ಅಂದ್ರೆ ಮೊದ್ಲು ಅಂಗಳಕ್ಕೆ ಕೈ ಚಾಚಿ ನೋಡು, ಆಮೇಲೆ ಒಣಗಾಕಿರೋ ಬಟ್ಟೆ ತೆಗಿ" ಎನ್ನುತ್ತಿದ್ದರು ಕಂಬದಕಲ್ಲು ಪಾಳ್ಯದ ಜನ. ಎದುರುಮನೆ ಹನುಮಂತಮ್ಮನದು ಇನ್ನೂ ಒಂದು ಕೈ ಮೇಲೆ. "ಅವ್ಳು ಉಂಡಿವ್ನಿ ಅಂದ್ರೂ ನಾನು ತಟ್ಟೆ ನೋಡೇ ನಂಬೋದು" ಎಂದು ನಲ್ಲಿಯ ಹತ್ತಿರ ಎಲ್ಲರಿಗೂ ಕೇಳುವ ಹಾಗೆ ಹೇಳುವಳು. ಊರಿಗೆ ಊರೇ ಸೇರಿ ಮಂಗಳಗೌರಿಗೆ ಬುರುಡೆ ಗೌರಿ ಎಂದು ಹೆಸರಿಟ್ಟು ಇಪ್ಪತ್ತೈದು ವರ್ಷವಾಗಿತ್ತು.

ವಿಚಿತ್ರವೆಂದರೆ ಆಕೆ ಹುಟ್ಟಿದಾಗಿನಿಂದ ಒಂದು ಸುಳ್ಳನ್ನೂ ಹೇಳಿದವಳಲ್ಲ.

ಹದಿನೇಳರ ಹುಡುಗಿಯಾಗಿದ್ದಾಗ ಒಂದು ಮಟಮಟ ಮಧ್ಯಾಹ್ನ, ಊರಾಚೆ ನೀರಿನ ತೊಟ್ಟಿಯ ಮೇಲೆ ಚಿರತೆಯೊಂದು ಬಾಲ ಇಳಿಬಿಟ್ಟುಕೊಂಡು ಮಲಗಿದ್ದನ್ನು ಕಂಡಳು. ಓಡಿಬಂದು ಹೇಳಿದಳು. ಗಂಡಸರು ಮಚ್ಚು, ದೊಣ್ಣೆ ಹಿಡಿದು ಹೋದರು. ತೊಟ್ಟಿಯ ಮೇಲೆ ಯಾರದೋ ಹಳೇ ಕಂಬಳಿ ಒಣಗುತ್ತಿತ್ತು. ಊರು ಒಂದು ವಾರ ನಕ್ಕಿತು. ಮರುವಾರ ಎರಡು ಮೇಕೆ ಹೋದವು. ಅದನ್ನು ಬೀದಿನಾಯಿಗಳ ಲೆಕ್ಕಕ್ಕೆ ಹಾಕಿದರು.

ಮದುವೆಯಾಯಿತು. ಗಂಡ ಲಾರಿ ಕ್ಲೀನರು, ವಾರಕ್ಕೆ ಮೂರು ದಿನ ಮನೆಯಲ್ಲಿರುತ್ತಿದ್ದ. ಅವನಿಗೆ ಕುಣಿಗಲ್‌ನಲ್ಲಿ ಇನ್ನೊಂದು ಸಂಸಾರವಿದೆಯೆಂದು ಗೌರಿ ಹೇಳಿದಳು. ಅತ್ತೆ ಕೆನ್ನೆಗೆ ಬಾರಿಸಿದಳು, ಊರು ಎಂದಿನಂತೆ ನಕ್ಕಿತು. ಮೂರು ವರ್ಷದ ಮೇಲೆ ಆತ ಲಾರಿಯಿಂದ ಬಿದ್ದು ಸತ್ತಾಗ, ಹೆಣದ ತಲೆಯ ಕಡೆಗೆ ಗೌರಿ, ಕಾಲ ಕಡೆಗೆ ಕುಣಿಗಲ್‌ನ ಹೆಂಗಸು ಎರಡು ಮಕ್ಕಳೊಂದಿಗೆ ಕೂತಿದ್ದಳು. ಆಗಲಾದರೂ ಯಾರಾದರೂ "ಗೌರಿ ಹೇಳಿದ್ದು ದಿಟ" ಅಂದರೇ? ಇಲ್ಲ. "ಪಾಪ, ಎಳೇ ಮಕ್ಕಳು" ಎಂದು ಆ ಕಡೆ ಹೋಗಿ ಸಮಾಧಾನ ಮಾಡಿದರು.

ಇಂಥ ಗೌರಿಯ ಹೆಸರು ಕಂಬದಕಲ್ಲು ಮೀಸಲು ಕಾಡಿನ ಅಂಚಿನಲ್ಲಿ ಬಣ್ಣದ ಬೋರ್ಡಿನ ಮೇಲೆ ಬಂತು ಎಂದರೆ ಅದು ಸಣ್ಣ ಸಂಗತಿಯಲ್ಲ.

ತುಮಕೂರಿನ ಹಲ್ಲಿನ ಡಾಕ್ಟರು ಶ್ರೀಕರ ಕಾಡಿಗೆ ತಾಗಿದ ಎರಡೆಕರೆ ಕೊಂಡು ಬರ್ಡ್ ಕ್ಯಾಂಪ್ ಮಾಡಿದ್ದ. ಆರು ಟೆಂಟು, ಒಂದು ಊಟದ ಮನೆ, ಅದರ ಗೋಡೆಗೆ ಕಂಡ ಹಕ್ಕಿಗಳ ಪಟ್ಟಿ ಬರೆಯುವ ದೊಡ್ಡ ಬೋರ್ಡು. ಕಾಡಿನ ಕಡೆಗೆ ಸಿಮೆಂಟಿನ ಪುಟ್ಟ ಕೊಳ. ಅದರ ಎದುರು ಹಸಿರು ಪರದೆ ಕಟ್ಟಿದ ಗೂಡು. ಪಡವಲಕಾಯಿಯಷ್ಟುದ್ದ ಲೆನ್ಸು ಹಿಡಿದ ಜನ ಬೆಳಗಿನಿಂದ ಆ ಗೂಡಿನಲ್ಲಿ ಉಸಿರು ಕಟ್ಟಿ ಕೂರುತ್ತಿದ್ದರು. ಹಳದಿ ಕತ್ತಿನ ಪಿಕಳಾರ, ರಾಜಹಕ್ಕಿ, ಕಾಜಾಣ, ನಾಲ್ಕು ಥರದ ಮರಕುಟಿಗ, ಹೀಗೆ ನೂರೆಂಬತ್ತು ಚಿಲ್ಲರೆ ಹಕ್ಕಿಗಳು ಆ ಒಣ ಕಾಡಿನಲ್ಲಿವೆ ಎಂದು ಕೇಳಿ ಜನ ಶನಿವಾರ ಶನಿವಾರ ಕಾರು ತುಂಬಿಕೊಂಡು ಬರುವರು. ಬೆಳಗ್ಗೆ ಕಾಡು, ಮಧ್ಯಾಹ್ನ ಮಾರ್ಕೋನಹಳ್ಳಿ ಹಿನ್ನೀರಿನ ಕೊಕ್ಕರೆಗಳು, ಸಂಜೆಗೆ ಊರು.

ಗೌರಿ ಅಲ್ಲಿ ಅಡುಗೆಗೆ ಸೇರಿದಳು. ಅಡುಗೆಮನೆಯ ಹಿಂದೆ ಮುಸುರೆ ನೀರು ಹರಿದು ಬಾಳೆಗಿಡಗಳ ಬುಡಕ್ಕೆ ಹೋಗುತ್ತಿತ್ತು. ಕೆಸರಲ್ಲಿ ಹುಳ, ಕಪ್ಪೆ, ಅನ್ನದಗುಳು. ಶ್ರೀಕರನ ಸಿಮೆಂಟಿನ ಕೊಳಕ್ಕೆ ಹರಟೆಮಲ್ಲ ಹಕ್ಕಿಗಳ ಗುಂಪು ಬಿಟ್ಟರೆ ಇನ್ನೇನೂ ಬಾರದ ದಿನಗಳಲ್ಲೂ ಗೌರಿಯ ಮುಸುರೆ ಬಚ್ಚಲಿಗೆ ಕಾಡೇ ಇಳಿದು ಬರುತ್ತಿತ್ತು.

ಒಂದು ಅಕ್ಟೋಬರ್ ಬೆಳಗ್ಗೆ ಆಕೆ ಸೌಟು ಹಿಡಿದುಕೊಂಡೇ ಊಟದ ಮನೆಗೆ ಬಂದಳು. "ಡಾಕ್ಟ್ರೇ, ಬಾಳೆ ಬುಡದಲ್ಲಿ ಯಾವ್ದೋ ಹೊಸ್ದು ಬಂದೈತೆ. ಬೆನ್ನು ಹಸ್ರು, ಹೊಟ್ಟೆ ತಳಕ್ಕೆ ಕುಂಕ್ಮ ಬಳ್ಕೊಂಡೈತೆ. ಬಾಲ ಇಲ್ವೇ ಇಲ್ಲ, ಯಾರೋ ಕಿತ್ಕಂಡವ್ರೆ ಅನ್ನಂಗೆ."

ಹೇಳಿದ ಮೇಲೆ ನಗುವಿಗಾಗಿ ಕಾದಳು. ಅಭ್ಯಾಸ. ಯಾರೂ ನಗಲಿಲ್ಲ. ಏಳು ಜನ ಇಡ್ಲಿ ಬಿಟ್ಟು ಬರಿಗಾಲಲ್ಲಿ ಓಡಿದರು. ನವರಂಗ! ಶ್ರೀಕರ ಬೋರ್ಡಿನಲ್ಲಿ ಹಕ್ಕಿಯ ಹೆಸರು ಬರೆದು, ಪಕ್ಕದ 'ಮೊದಲು ಕಂಡವರು' ಎಂಬ ಮನೆಯಲ್ಲಿ ಮಂಗಳಗೌರಿ ಎಂದು ಬರೆದ. ಏಳನೇ ಕ್ಲಾಸಿನವರೆಗೆ ಓದಿದ್ದ ಗೌರಿ ಅದನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು. ಮರುದಿನದಿಂದ ಒಲೆ ಹಚ್ಚುವ ಮುಂಚೆ ಅಕ್ಷರ ಅಳಿಯದ ಹಾಗೆ ಸೆರಗಿನಿಂದ ಆ ಬೋರ್ಡಿನ ಧೂಳು ಹೊಡೆಯುವುದು ಆಕೆಯ ಮೊದಲ ಕೆಲಸವಾಯಿತು.

ನಾಲ್ಕು ವರ್ಷದಲ್ಲಿ ಆಕೆಯ ಹೆಸರು ಹತ್ತೊಂಬತ್ತು ಹಕ್ಕಿಗಳ ಪಕ್ಕ ಬಂತು. ಎಂಟಕ್ಕೆ ಫೋಟೋ ಸಿಕ್ಕಿತ್ತು. ಹನ್ನೊಂದಕ್ಕೆ ಆಕೆಯ ಮಾತೇ ಸಾಕ್ಷಿ. "ಗೌರಮ್ಮ ಕಂಡೆ ಅಂದ್ರೆ ಮುಗೀತು" ಎಂದು ಶ್ರೀಕರ ಅತಿಥಿಗಳ ಮುಂದೆ ಹೇಳುವಾಗ ಗೌರಿ ಒಳಗೆ ಸಾರಿಗೆ ಎರಡು ಸಲ ಉಪ್ಪು ಹಾಕಿಬಿಡುತ್ತಿದ್ದಳು.

"ಡಾಕ್ಟ್ರಿಗೂ ಬುರುಡೆ ಬುಟ್ಟವ್ಳಲ್ಲೇ!" ಎಂದಳು ಹನುಮಂತಮ್ಮ. ಅನ್ನಲಿ. ಊರಿನ ನಗೆ ಆ ನಾಲ್ಕು ವರ್ಷ ಗೌರಿಗೆ ಚುಚ್ಚಲಿಲ್ಲ.

ಆಮೇಲೆ ಪ್ರದ್ಯುಮ್ನ ಬಂದ.

ತುಮಕೂರಿನಲ್ಲಿ ಮನೆಗಳ ನಕ್ಷೆ ಬರೆಯುವ ಪ್ರದ್ಯುಮ್ನ ಹಕ್ಕಿ ನೋಡುವವರಲ್ಲಿ ದೊಡ್ಡವನು. ಜಿಲ್ಲೆಯಲ್ಲಿ ಯಾರು ಯಾವ ಹಕ್ಕಿ ಕಂಡೆವೆಂದು ಬರೆದರೂ ಅದನ್ನು ಒಪ್ಪುವುದು, ತಳ್ಳುವುದು ಅವನ ಕೈಲಿತ್ತು. ಜೂನ್ ಮೊದಲ ಮಳೆ ಹುಯ್ದ ಮಂಗಳವಾರ ಅವನು ಊಟದ ಮನೆಯಲ್ಲಿ ತಟ್ಟೆ ಇಡ್ಲಿ ಮುರಿಯುತ್ತಿದ್ದಾಗ ಗೌರಿ ಹಿಂಬಾಗಿಲಿಂದ ಬಂದಳು.

"ಡಾಕ್ಟ್ರೇ, ಮಿಂಚುಳ್ಳಿ ಜಾತಿದು. ಆದ್ರೆ ಗುಬ್ಬಚ್ಚಿಗಿಂತ ಚಿಕ್ಕದು. ಅರಿಶ್ನದ ಹೊಟ್ಟೆ, ತಲೆ ಮೇಲೆ ಬದ್ನೆಕಾಯಿ ಬಣ್ಣ, ಕೊಕ್ಕು ಹಣ್ಣು ಮೆಣಸಿನಕಾಯಿ. ಕಪ್ಪೆಮರಿ ಹಿಡ್ಕಂಡು ಬಾಳೆ ದಿಂಡಿಗೆ ಬಡೀತಿತ್ತು."

ಪ್ರದ್ಯುಮ್ನ ನಕ್ಕ. "ಡ್ವಾರ್ಫ್ ಕಿಂಗ್‌ಫಿಶರ್ ಹೇಳ್ತಾ ಇದಾರೆ, ಶ್ರೀಕರ. ಘಟ್ಟದ ಹಕ್ಕಿ. ತುಮಕೂರು ಜಿಲ್ಲೇಲಿ ಇವತ್ತಿನವರೆಗೂ ಒಂದೂ ರೆಕಾರ್ಡ್ ಇಲ್ಲ. ಇವರ ಬಚ್ಚಲಿಗೆ ಬಂದಿದ್ಯಂತೆ."

"ಬಂದಿತ್ತು ಸಾರ್."

"ಹೌದಾ? ಕಾಲಲ್ಲಿ ಎಷ್ಟು ಬೆರಳಿತ್ತಮ್ಮ?" ಎಂದು ಉಳಿದವರತ್ತ ಕಣ್ಣು ಹೊಡೆದ.

"ಮೂರು."

ಎಲ್ಲರೂ ನಕ್ಕರು. "ಹಕ್ಕಿಗೆ ನಾಕು ಬೆರಳು ಕಣ್ರೀ ಗೌರಮ್ಮ" ಎಂದ ಶ್ರೀಕರ. ಪ್ರದ್ಯುಮ್ನ ಮಾತ್ರ ನಗುವುದನ್ನು ನಿಲ್ಲಿಸಿದ. ಆ ಹಕ್ಕಿಗೆ ಇರುವುದು ಮೂರೇ ಬೆರಳೆಂದು ಆ ಕೋಣೆಯಲ್ಲಿ ಗೊತ್ತಿದ್ದವನು ಅವನೊಬ್ಬನೇ. ಅಲ್ಲಿ ಅವನು ಒಂದು ಮಾತು ಹೇಳಿದ್ದರೆ ಈ ಕಥೆ ಬೇರೆಯೇ ಆಗುತ್ತಿತ್ತು. ಅವನು ಚಟ್ನಿ ಹಾಕಿಸಿಕೊಂಡ.

"ಆ ಪುಸ್ತಕ ಇಲ್ಲೇ ಇರುತ್ತಲ್ಲ" ಎಂದು ಕಪಾಟಿನಲ್ಲಿದ್ದ ಹಕ್ಕಿಗಳ ಚಿತ್ರದ ಪುಸ್ತಕ ತೋರಿಸಿದ. "ದಿನಾ ಧೂಳು ಹೊಡೀವಾಗ ತೆಗೆದು ನೋಡ್ತಾರೆ. ಯಾವುದು ಚೆನ್ನಾಗಿದ್ಯೋ ಅದನ್ನ ಕಂಡೆ ಅಂತಾರೆ. ನಂಗೆ ಈಗ ಈ ಹನ್ನೊಂದರ ಮೇಲೂ ಡೌಟು, ಶ್ರೀಕರ. ಫೋಟೋ ಇಲ್ಲ, ಇನ್ನೊಬ್ಬ ಕಂಡವರಿಲ್ಲ. ಇದನ್ನ ಇಟ್ಕೊಂಡ್ರೆ ನಿನ್ ಪೂರ್ತಿ ಲಿಸ್ಟೇ ಯಾರೂ ನಂಬಲ್ಲ."

ಶ್ರೀಕರ ಒಂದು ಗಳಿಗೆ ಗೌರಿಯ ಮುಖ ನೋಡಿದ. ಆಮೇಲೆ ತನ್ನ ಪೂರ್ತಿ ಲಿಸ್ಟು ನೋಡಿದ. "ಗೌರಮ್ಮ, ಒಂದು ಒದ್ದೆ ಬಟ್ಟೆ ತಗೊಂಬನ್ನಿ" ಎಂದ.

ಆಕೆಯೇ ಬಟ್ಟೆ ತಂದುಕೊಟ್ಟಳು. ಹನ್ನೊಂದು ಸಾಲು ಹೋದವು. ನೀರು ಇಳಿದು, ಫೋಟೋ ಇದ್ದ ಎರಡು ಹಕ್ಕಿಗಳ ಸಾಲೂ ಕಲಸಿಕೊಂಡವು. "ಇರ್ಲಿ ಬಿಡು, ಅದೂ ಹೋಗ್ಲಿ" ಎಂದ ಪ್ರದ್ಯುಮ್ನ.

ಮಧ್ಯಾಹ್ನಕ್ಕೆಲ್ಲ ಸುದ್ದಿ ಊರು ತಲುಪಿತು. ನಲ್ಲಿಯ ಹತ್ತಿರ ಹನುಮಂತಮ್ಮ ಕೊಡ ಕೆಳಗಿಟ್ಟು ಕೈ ತಟ್ಟಿ ನಕ್ಕಳು. "ನಾಕ್ ವರ್ಷ ಹಿಡೀತು ನೋಡು ಓದಿದೋರಿಗೆ! ನಮ್ಗೆ ಒಂದೇ ದಿನ್ಕೆ ಗೊತ್ತಾಗಿತ್ತು."

ಹಕ್ಕಿ ಇನ್ನೊಂದು ಸಲ ಬರಬೇಕು, ಇನ್ನೊಬ್ಬರ ಕಣ್ಣಿಗೆ ಬೀಳಬೇಕು. ಗೌರಿಗೆ ಬೇಕಾಗಿದ್ದುದು ಅಷ್ಟೇ. ಬುಧವಾರ, ಗುರುವಾರ ಅನ್ನಕ್ಕೆ ಇಟ್ಟು ಹಿಂಬಾಗಿಲಲ್ಲಿ ನಿಂತಳು. ಎರಡು ದಿನವೂ ಅನ್ನ ಸೀದಿತು.

ಶುಕ್ರವಾರ ಸಂಜೆ, ಇನ್ನೂ ಬೆಳಕಿರುವಾಗಲೇ, ಗಾಳಿ ಸಮೇತ ಮಳೆ ಹೊಡೆಯಿತು. ಉಗ್ರಾಣದ ಕಿಟಕಿಯಿಂದ ಏನೋ ಬಣ್ಣದ ಗೋಲಿಯಂತೆ ಒಳಗೆ ಬಂದು, ಗೋಡೆಗೆ ಬಡಿದು, ರಾಗಿ ಮೂಟೆಯ ಮೇಲೆ ಬಿತ್ತು. ಗೌರಿ ಬಗ್ಗಿ ನೋಡಿದಳು. ಅರಿಶಿನ, ಬದನೆ, ಮೆಣಸಿನಕಾಯಿ. ಕಣ್ಣು ಅರೆ ಮುಚ್ಚಿತ್ತು, ಎದೆ ಬಡಿದುಕೊಳ್ಳುತ್ತಿತ್ತು.

ಏನು ಮಾಡಬೇಕೆಂದು ಆಕೆಗೆ ಗೊತ್ತಿತ್ತು. ಗಾಜಿಗೆ ಬಡಿದು ಬಿದ್ದ ಸೂರಕ್ಕಿಗಳನ್ನು ಎಷ್ಟೋ ಸಲ ಅಂಗೈಯಲ್ಲಿ ಇಟ್ಟುಕೊಂಡು, ಬೆರಳ ತುದಿಯಿಂದ ಹನಿ ನೀರು ಕುಡಿಸಿ, ಬಾಳೆ ಎಲೆಯ ಮೇಲೆ ಬಿಟ್ಟು ಬಂದಿದ್ದಳು. ಕಾಲು ಗಂಟೆಗೆ ಹಾರಿ ಹೋಗುತ್ತಿದ್ದವು. ಇದೂ ಹಾರಿಹೋಗುತ್ತಿತ್ತು. ಹಾರಿಹೋದ ಮೇಲೆ ನಾಳೆ ಬೆಳಗ್ಗೆ ಯಾರಿಗೆ ಏನು ಹೇಳುವುದು?

ಮೂಲೆಯಲ್ಲಿ ಕೋಳಿ ಮುಚ್ಚುವ ಬಿದಿರಿನ ಮಂಕರಿಯಿತ್ತು. ಮರಿ ತಪ್ಪಿಸಿಕೊಂಡರೆ, ಹದ್ದು ಸುತ್ತಿದರೆ, ನೆಂಟರಿಗೆ ಹುಂಜ ಕೊಯ್ಯಬೇಕಾದರೆ, ಏನಿದ್ದರೂ ಮೊದಲು ಮಂಕರಿ ಮುಚ್ಚುವುದು ಆ ಊರ ಹೆಂಗಸರ ಕೈಗೆ ಹುಟ್ಟಿನಿಂದ ಬಂದದ್ದು. ಕೈ ತಾನೇ ಚಾಚಿತು. ಮುಚ್ಚಿ, ಮೇಲೆ ಗುಂಡುಕಲ್ಲಿಟ್ಟಳು.

ಶ್ರೀಕರನಿಗೆ ಫೋನು ಮಾಡಿದಳು. "ಡಾಕ್ಟ್ರೇ, ಸಿಕ್ಕೈತೆ. ಮಂಕ್ರೀಲಿ ಐತೆ."

ಆ ಕಡೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ, "ಬಿಡ್ಬೇಡಿ. ಏನೇ ಆದ್ರೂ ಬಿಡ್ಬೇಡಿ. ಬೆಳಗ್ಗೆ ಮಾರ್ಕೋನಹಳ್ಳಿ ಪ್ರೋಗ್ರಾಂ ಕ್ಯಾನ್ಸಲ್ ಮಾಡಿ ಎಲ್ರನ್ನೂ ಅಲ್ಲಿಗೇ ಕರ್ಕೊಂಡ್ ಬರ್ತೀನಿ."

ಗೌರಿ ಸೆರಗು ಹಿಡಿದು ಕೆರೆಕಟ್ಟೆಯ ನೀರಿನಲ್ಲಿ ಉಗುರಷ್ಟು ಮೀನುಮರಿ ಸೋಸಿ ತಂದಳು. ಪಿಂಗಾಣಿ ಬಟ್ಟಲಲ್ಲಿ ಹಾಕಿ ಮಂಕರಿಯೊಳಗೆ ಸರಿಸಿದಳು. ಒದ್ದೆ ಬಟ್ಟೆ ಹೊದಿಸಿದಳು. ಬೆಳಗ್ಗೆ ನೋಡಿದರೆ ಬಟ್ಟಲಲ್ಲಿ ಎರಡು ಮೀನು ಕಡಿಮೆ, ಹಕ್ಕಿ ಅದರ ಅಂಚಿನ ಮೇಲೆ ನೆಟ್ಟಗೆ ಕೂತಿತ್ತು. ಆಕೆ ಎಣ್ಣೆ ಹಚ್ಚಿ ತಲೆ ಬಾಚಿಕೊಂಡಳು, ಹಬ್ಬಕ್ಕೆ ಉಡುವ ಸೀರೆ ಉಟ್ಟಳು.

ಏಳು ಗಂಟೆಗೆ ಹನ್ನೆರಡು ಜನ ಉಗ್ರಾಣದ ಬಾಗಿಲಲ್ಲಿ ಒತ್ತಿಕೊಂಡು ನಿಂತರು. ಗೌರಿ ಬಟ್ಟೆ ಸರಿಸಿದಳು. ಬಿದಿರಿನ ಸಂದಿಯಿಂದ ಬೆಳಕು ಬಿದ್ದು ಹಕ್ಕಿ ಹೊಳೆಯಿತು.

"ಅಯ್ಯೋ ದೇವ್ರೇ" ಎಂದ ಪ್ರದ್ಯುಮ್ನ.

ಶ್ರೀವಾಣಿ ಎಂಬ ಕಾಲೇಜು ಮೇಡಮ್ಮು ಗೌರಿಯನ್ನು ತಬ್ಬಿಕೊಂಡು ಅತ್ತೇಬಿಟ್ಟಳು. "ಗೌರಮ್ಮೋರೇ, ನಿಮ್ ಕಣ್ಣಿಗೆ ದೃಷ್ಟಿ ತೆಗೀಬೇಕು!" ಪ್ರದ್ಯುಮ್ನನೇ ಮುಂದೆ ಬಂದು, "ಸಾರಿ ಕಣಮ್ಮ, ನಾನು ನಂಬಬೇಕಿತ್ತು" ಎಂದ. ಶ್ರೀಕರ, "ಬೋರ್ಡು ಪೂರ್ತಿ ಮತ್ತೆ ಬರೀತೀನಿ ಇವತ್ತೇ" ಎಂದ. ಗೌರಿ ಬಾಯಿಗೆ ಸೆರಗು ಒತ್ತಿ ನಿಂತಿದ್ದಳು. ಆಕೆಯ ನಲವತ್ತಮೂರು ವರ್ಷದಲ್ಲಿ ಅಂಥ ಹತ್ತು ನಿಮಿಷ ಹಿಂದೆ ಬಂದಿರಲಿಲ್ಲ.

ಆಮೇಲೆ ಫೋಟೋ ಶುರುವಾಯಿತು.

ಮಂಕರಿಯಲ್ಲಿ ಫೋಟೋ ಬರುವುದಿಲ್ಲ. ರಾಗಿ ಮೂಟೆ ಕಾಣಬಾರದು, ಕಾಡು ಕಾಣಬೇಕು. ಯಾರೋ ಪಾಚಿ ಹಿಡಿದ ಕೊಂಬೆ ತಂದರು. ಪ್ರದ್ಯುಮ್ನ ಒಂದು ಕೈಯಲ್ಲಿ ಹಕ್ಕಿ ಹಿಡಿದು, ಇನ್ನೊಂದು ಕೈಯಿಂದ ರಾಗಿ ಮೂಟೆಯ ಹೊಲಿಗೆಯ ಒಂದೆಳೆ ದಾರ ಎಳೆದುಕೊಂಡು ಹೊರಗೆ ಬಂದ. ಮೂರು ಬೆರಳಿನ ಆ ಕಾಲಿಗೆ ಕಟ್ಟಿ, ಇನ್ನೊಂದು ತುದಿ ಕೊಂಬೆಗೆ ಕಟ್ಟಿದ.

"ಸಾರ್, ಬ್ಯಾಡಿ ಸಾರ್. ನೋಡಿದ್ರಲ್ಲ, ಬುಟ್ಬುಡಿ."

"ಐದೇ ನಿಮಿಷ ಗೌರಮ್ಮ."

ಹಕ್ಕಿ ಹಾರಿತು, ದಾರ ಎಳೆಯಿತು, ತಲೆಕೆಳಗಾಗಿ ನೇತಾಡಿತು. ಎತ್ತಿ ಕೂರಿಸಿದರು. ಮತ್ತೆ ಹಾರಿತು. "ನಂಗೆ ಸೈಡ್ ಪ್ರೊಫೈಲ್ ಸಿಗ್ಲಿಲ್ಲ" ಎಂದರು ಒಬ್ಬರು. "ಬಿಸ್ಲು ಬರ್ಲಿ ತಡೀರಿ" ಎಂದರು ಇನ್ನೊಬ್ಬರು. ಶ್ರೀವಾಣಿ ಮೇಡಮ್ಮು ಮೂರನೆಯ ಸಾಲಿನಿಂದ ಮೊದಲನೆಯ ಸಾಲಿಗೆ ಬಂದಳು. ಗೌರಿ ದಾರಕ್ಕೆ ಕೈ ಹಾಕಲು ಹೋದಾಗ ಶ್ರೀಕರ ಆಕೆಯ ಮೊಣಕೈ ಹಿಡಿದು, "ಫ್ರೇಮಿಗೆ ಬರ್ತಾ ಇದೀರಾ, ಆಚೆ ಬನ್ನಿ" ಎಂದು ಪಕ್ಕಕ್ಕೆ ನಿಲ್ಲಿಸಿದ. ನಲವತ್ತು ನಿಮಿಷದ ಮೇಲೆ ಹಕ್ಕಿಯನ್ನು ಕೂರಿಸಿದರೆ ಕೂರಲಿಲ್ಲ, ಕೊಂಬೆಯಿಂದ ಮುಂದಕ್ಕೆ ಬಾಗಿ ನೇತಾಡಿತು. ಯಾರೋ ಬೆರಳಿನಿಂದ ಮುಟ್ಟಿದರು.

ಹಕ್ಕಿ ಅಲುಗಲಿಲ್ಲ. ಹಿಂದಿನಿಂದ ಒಬ್ಬ ಕ್ಯಾಮೆರಾದ ಪರದೆ ನೋಡುತ್ತ ಮೆಲ್ಲಗೆ ಹೇಳಿದ, "ಪುಣ್ಯಕ್ಕೆ, ಕಣ್ಣು ಶಾರ್ಪ್ ಬಂದಿದೆ."

ಗೌರಿ ಬಾಳೆ ಬುಡದಲ್ಲಿ ಗುಣಿ ತೋಡಿ ಮುಚ್ಚಿದಳು.

ಅಂದೇ ಸಂಜೆ ಫೋಟೋ ಊರೂರು ಸುತ್ತಿತು. ಜಿಲ್ಲೆಯಲ್ಲೇ ಮೊದಲು, ಕಂಡವರು ಪ್ರದ್ಯುಮ್ನ. ಸಾವಿರಾರು ಜನ ಹೊಗಳಿದರು. ಮೂರನೇ ದಿನ ಯಾರೋ ಒಬ್ಬರು ಚಿತ್ರ ದೊಡ್ಡದು ಮಾಡಿ ನೋಡಿ, ಕಾಲಿನಲ್ಲಿರುವುದು ದಾರವಲ್ಲವೇ ಎಂದು ಕೇಳಿದರು. ಹೊಗಳಿದ ಬಾಯಿಗಳೇ ಉಗಿಯತೊಡಗಿದವು. ವಾರದೊಳಗೆ ಅರಣ್ಯ ಇಲಾಖೆಯ ಅಧಿಕಾರಿಯೊಬ್ಬರು ಜೀಪಿನಲ್ಲಿ ವಿಚಾರಣೆಗೆ ಬಂದರು.

ಶ್ರೀಕರ ಅವರಿಗೆ ಕಾಫಿ ಕೊಟ್ಟು ಹೇಳಿದ: "ಅಡುಗೆಯವಳು ಸಾರ್. ಹಿಡಿದು ಕಟ್ಟಿ ಹಾಕಿದ್ಲು. ನಾವು ಬರೋ ಹೊತ್ತಿಗೆ ಹೀಗಾಗಿತ್ತು. ಬಿಡಿಸೋಕೆ ಎಷ್ಟು ಪ್ರಯತ್ನ ಪಟ್ವಿ."

ಹನ್ನೆರಡು ಜನರೂ ಅದನ್ನೇ ಬರೆದುಕೊಟ್ಟರು. ಗೌರಿ ಶ್ರೀವಾಣಿ ಮೇಡಮ್ಮಿಗೆ ಫೋನು ಮಾಡಿದಳು. "ಅಮ್ಮಾ, ನೀವು ನೋಡಿದ್ರಲ್ಲ. ದಾರ ಕಟ್ಟಿದ್ದು ಯಾರು ಅಂತ ಒಂದ್ ಮಾತು ಹೇಳಿ ಸಾಕು."

"ನಾನು ಆಗ ಟೆಂಟಲ್ಲಿದ್ದೆ ಕಣಮ್ಮ" ಎಂದು ಆಕೆ ಫೋನಿಟ್ಟಳು.

ಅಧಿಕಾರಿ ಕೆಟ್ಟವರಲ್ಲ. ಗೌರಿಯನ್ನು ಕೂರಿಸಿ ನಿಧಾನವಾಗಿ ಕೇಳಿದರು. "ಹಿಡಿದಿದ್ದು ಯಾರಮ್ಮ?"

"ನಾನೇ ಸಾ."

"ದಾರ ಕಟ್ಟಿದ್ದು?"

"ಪ್ರದ್ಯುಮ್ನ ಸಾರು. ನಾನು ಬ್ಯಾಡಿ ಅಂದೆ ಸಾ. ಬೆಳಗ್ಗೆ ಗಟ್ಟಿಯಾಗಿತ್ತು ಹಕ್ಕಿ, ಎರಡು ಮೀನು ತಿಂದಿತ್ತು."

ಅವರು ಪೆನ್ನು ಕೆಳಗಿಟ್ಟು, ಒಂದು ಕಡೆಗೆ ಹನ್ನೆರಡು ಜನ ಓದಿದವರು, ಇನ್ನೊಂದು ಕಡೆಗೆ ಈಕೆಯೊಬ್ಬಳು ಎಂದು ಯೋಚಿಸಿದರು. ಆಕೆಯ ಮಾತಿಗೂ ಒಂದು ಅವಕಾಶ ಕೊಡೋಣವೆಂದು ಊರೊಳಗೆ ಹೋಗಿ ನಲ್ಲಿಯ ಹತ್ತಿರ ಜೀಪು ನಿಲ್ಲಿಸಿ ಕೇಳಿದರು: "ಈ ಮಂಗಳಗೌರಿ ಹೇಗೆ? ಮಾತು ನಂಬಬಹುದಾ?"

ನಲ್ಲಿಯ ಹತ್ತಿರ ಇದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಕೆಟ್ಟದ್ದು ಮಾಡಬೇಕೆಂದೇನೂ ಅಲ್ಲ, ಅಭ್ಯಾಸಕ್ಕೆ ನಕ್ಕರು. "ಅವ್ಳ ಮಾತಾ ಸಾ?" ಎಂದಳು ಹನುಮಂತಮ್ಮ. "ಕಂಬ್ಳೀನ ಚಿರ್ತೆ ಅಂದೋಳು ಕಣಿ ಅವ್ಳು."

ಅಧಿಕಾರಿ ಮರಳಿ ಬಂದು ಪೆನ್ನು ತೆಗೆದು, ಆಕೆ ಹೇಳಿದ ಮೊದಲನೆಯ ಮಾತನ್ನು ಮಾತ್ರ ಬರೆದುಕೊಂಡರು.

ಕಾಡುಹಕ್ಕಿ ಹಿಡಿದ ಕೇಸಿನಲ್ಲಿ ಗೌರಿ ಹದಿನಾಲ್ಕು ದಿನ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಬಂದಳು. ಕ್ಯಾಂಪಿಗೆ ಎರಡು ತಿಂಗಳು ಬೀಗ ಬಿತ್ತು. ಅಲ್ಲಿ ಹಾಲು ಹಾಕುತ್ತಿದ್ದವರು, ಜೀಪು ಓಡಿಸುತ್ತಿದ್ದವರು, ಟೆಂಟು ಗುಡಿಸುತ್ತಿದ್ದವರು, ಊರ ಹತ್ತು ಹನ್ನೊಂದು ಮನೆಯವರು ಕೆಲಸವಿಲ್ಲದೆ ಕೂತರು. ಅವರು ಶ್ರೀಕರನನ್ನು ಬೈಯಲಿಲ್ಲ. ಗೌರಿ ಕೊಡ ಇಟ್ಟರೆ ಅದನ್ನು ಸಾಲಿನಿಂದ ಎತ್ತಿ ಆಚೆ ಇಡುತ್ತಿದ್ದರು. "ಹಕ್ಕಿ ಪ್ರಾಣ ತಿಂದೋಳು, ನೀರು ಯಾಕ್ ಬೇಕು ಬುಡು" ಎಂದ ಹಾಲಿನ ಗಂಗಹನುಮಯ್ಯ. ಒಂದು ಬೆಳಗ್ಗೆ ಆಕೆಯ ಬಾಗಿಲಿಗೆ ಯಾರೋ ಸತ್ತ ಗೊರವಂಕವನ್ನು ದಾರದಲ್ಲಿ ಕಟ್ಟಿ ನೇತುಹಾಕಿದ್ದರು. ಗೌರಿ ಕುಡುಗೋಲಿನಿಂದ ದಾರ ಕೊಯ್ದಳು.

ಶ್ರಾವಣಕ್ಕೆ ಕ್ಯಾಂಪು ಮತ್ತೆ ತೆರೆಯಿತು. ಬಾಗಿಲಲ್ಲೇ ಆಳೆತ್ತರದ ಚಿತ್ರ: ಪಾಚಿ ಕೊಂಬೆಯ ಮೇಲೆ ಅರಿಶಿನ ಹೊಟ್ಟೆಯ ಮಿಂಚುಳ್ಳಿ. ದಾರವನ್ನು ಕಂಪ್ಯೂಟರಿನಲ್ಲಿ ಅಳಿಸಿದ್ದರು. ಆ ಹಕ್ಕಿ ನೋಡಬೇಕೆಂದು ಹಿಂದೆಂದೂ ಬಾರದಷ್ಟು ಜನ ಬಂದರು. ಬೋರ್ಡನ್ನು ಹೊಸದಾಗಿ ಬರೆಸಿದ್ದರು. ಗೌರಿಯ ಹೆಸರು ಒಂದು ಸಾಲಿನಲ್ಲೂ ಇರಲಿಲ್ಲ, ನವರಂಗದ ಪಕ್ಕದಲ್ಲೂ. ಇದನ್ನು ಹೇಳಿದವಳು ಹೊಸ ಅಡುಗೆಯವಳು, ಹನುಮಂತಮ್ಮನ ಸೊಸೆ.

ಗೌರಿ ಮಾತು ಬಿಟ್ಟಳು. ಹೇಳಲು ಇನ್ನೇನೂ ಉಳಿದಿರಲಿಲ್ಲ, ಹೇಳಿದರೆ ಕೇಳುವವರೂ ಇರಲಿಲ್ಲ. ಗುಬ್ಬಿ ಹತ್ತಿರ ಬಿದರೆಹಳ್ಳಿ ಕಾವಲ್ ಕಡೆ ಕಾರ್ಖಾನೆ ಕೆಲಸದವರಿಗೆ ಮೆಸ್ಸು ನಡೆಸುವ ಸರ್ವಮಂಗಳ ಎನ್ನುವವಳು ಅಡುಗೆಗೆ ಹೆಂಗಸು ಹುಡುಕುತ್ತಿದ್ದಾಳೆಂದು ಕೋರ್ಟಿಗೆ ಹೋದಾಗ ಕಿವಿಗೆ ಬಿತ್ತು. ಇರಲು ಕೋಣೆಯೂ ಇದೆ. ಹೋಗಿ ಕೇಳಿದಳು. ಸರ್ವಮಂಗಳ ಹೆಸರು ಕೇಳಿದಳು, ಮುದ್ದೆ ಕಟ್ಟಲು ಬರುತ್ತದೆಯೇ ಎಂದು ಕೇಳಿದಳು, ಬಾ ಎಂದಳು.

ಸೋಮವಾರ ಬೆಳಗ್ಗೆ ಗೌರಿ ಎರಡು ಸೀರೆ, ಕಂಬಳಿ, ತಾಯಿ ಕೊಟ್ಟ ಹಿತ್ತಾಳೆ ಚೊಂಬು ಚೀಲಕ್ಕೆ ತುಂಬಿದಳು. ಒಲೆಯ ಬೂದಿ ತೆಗೆದು ಸಾರಿಸಿದಳು. ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ, ಮುಂದಿನ ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿದಳು. ಈ ಮನೆಯ ಹೊಸ್ತಿಲು ಇನ್ನು ತುಳಿಯುವುದಿಲ್ಲವೆಂದು ಭಾನುವಾರವೇ ನಿಶ್ಚಯಿಸಿದ್ದಳು.

ಎದುರು ಜಗಲಿಯಲ್ಲಿ ಹನುಮಂತಮ್ಮ ಅಲಸಂದೆಕಾಯಿ ಸುಲಿಯುತ್ತಿದ್ದಳು. "ಎಲ್ಲಿಗ್ಲೇ ಗೌರಿ, ಚೀಲ ಹೊತ್ಕಂಡು?"

ಗೌರಿ ಅರೆಗಳಿಗೆ ನಿಂತಳು. "ಕೋರಕ್ಕೆ. ದೊಡ್ಡಮ್ಮನ ಮೊಮ್ಮಗ್ಳಿಗೆ ಸೀಮಂತ."

ಕೋರದಲ್ಲಿ ಸೀಮಂತವೂ ಇರಲಿಲ್ಲ, ದೊಡ್ಡಮ್ಮನಿಗೆ ಮೊಮ್ಮಗಳೂ ಇರಲಿಲ್ಲ.

"ಹೌದಾ! ಎಷ್ಟ್ರಲ್ಲೈತೆ?"

"ಏಳ್ರಲ್ಲಿ."

"ಒಳ್ಳೇದಾಯ್ತು ಬುಡು, ನಿಂಗೂ ಒಸಿ ಮನ್ಸು ಹಗೂರಾಗ್ಲಿ. ಯಾವಾಗ ಬತ್ತೀಯ?"

"ನಾಡಿದ್ದು."

"ಬರುವಾಗ ಸೀಮಂತದ ಹೋಳ್ಗೆ ತತ್ತಾ ಕಣೇ, ಮರೀಬ್ಯಾಡ. ನಿನ್ ಕೋಳಿಗೆ ನಾನು ನುಚ್ಚಾಕ್ತೀನಿ. ಬೇಲಿ ಕಿಂಡಿ ಮುಚ್ಚಿದ್ಯಾ?"

"ಮುಚ್ಚಿವ್ನಿ" ಎಂದಳು ಗೌರಿ. ತಿರುವಿನಲ್ಲಿ ಗುಬ್ಬಿ ಬಸ್ಸು ಹಾರ್ನು ಹೊಡೆಯಿತು. ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ನಡೆದಳು.